ಆರ್ಗ್ ಮೋಡ್

ಆರ್ಗ್ ಮೋಡ್ ಎಂಬುದು ಗ್ನೂ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದೊಳಗೆ ಕೆಲಸ ಮಾಡುವ ಒಂದು ಸ್ವತಂತ್ರ ತಂತ್ರಾಂಶವಾಗಿದೆ. ಟಿಪ್ಪಣಿಗಳನ್ನು ಬರೆದಿಡುವುದು, ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡುವುದು, ಕೋಷ್ಟಕಗಳಲ್ಲಿ ಲೆಕ್ಕ ಹಾಕುವುದು, ಲೇಖನಗಳನ್ನು ಸಿದ್ಧಪಡಿಸುವುದು ಹಾಗೂ ಬರಹದ ನಡುವೆಯೇ ಕೋಡ್ ಬರೆದು ಅಲ್ಲಿಯೇ ಅದನ್ನು ಚಲಾಯಿಸುವುದು, ಇವೆಲ್ಲವನ್ನೂ ಒಂದೇ ಸರಳ ಪಠ್ಯ ಕಡತದಲ್ಲಿ ನೆರವೇರಿಸಲು ಇದು ಅನುವು ಮಾಡಿಕೊಡುತ್ತದೆ. ವಿವರಣೆ, ದತ್ತಾಂಶ, ಲೆಕ್ಕದ ವಿಧಾನ ಮತ್ತು ಫಲಿತಾಂಶಗಳು ಒಂದೆಡೆ ಇರುವುದರಿಂದ, ಫಲಿತಾಂಶವು ಹೇಗೆ ಬಂತೆಂಬುದನ್ನು ಬರೆದವರೂ ಓದುವವರೂ ಮತ್ತೆ ಪರೀಕ್ಷಿಸಬಹುದು. ಇದೇ ಆರ್ಗ್ ಮೋಡ್‌ನ ಮುಖ್ಯ ಪ್ರಯೋಜನ.

ಇತಿಹಾಸ

ಈಮ್ಯಾಕ್ಸ್ ಸಂಪಾದಕವು 1976ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡಿತು. ಗ್ನೂ ಯೋಜನೆಯ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್ ಅದನ್ನು ಹೊಸದಾಗಿ ಬರೆದು 1985ರಲ್ಲಿ ಗ್ನೂ ಈಮ್ಯಾಕ್ಸ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಆರ್ಗ್ ಮೋಡ್ ಅನ್ನು 2003ರಲ್ಲಿ ರಚಿಸಿದವರು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿ ಕಾರ್‌ಸ್ಟನ್ ಡೊಮಿನಿಕ್. ತಮ್ಮ ಟಿಪ್ಪಣಿಗಳನ್ನೂ ಯೋಜನೆಗಳನ್ನೂ ಕ್ರಮಬದ್ಧವಾಗಿ ಇಟ್ಟುಕೊಳ್ಳಲು ಅವರು ಈಮ್ಯಾಕ್ಸ್‌ನಲ್ಲಿ ಮೊದಲೇ ಇದ್ದ 'ಔಟ್‌ಲೈನ್ ಮೋಡ್' ಅನ್ನು ಬಳಸಲು ಯತ್ನಿಸಿದರು. ಅಲ್ಲಿ ಬರಹದ ಭಾಗಗಳನ್ನು ಮಡಿಸಿ ಬಿಡಿಸುವುದಕ್ಕೇ ಹನ್ನೊಂದು ಬೇರೆ ಬೇರೆ ಆಜ್ಞೆಗಳನ್ನು ನೆನಪಿಡಬೇಕಾಗಿತ್ತು. ಆ ಕೆಲಸವನ್ನು 'ಟ್ಯಾಬ್' ಎಂಬ ಒಂದೇ ಕೀಲಿಗೆ ವಹಿಸಿದ್ದು ಆರ್ಗ್ ಮೋಡ್‌ನ ಆರಂಭ.

2007ರಲ್ಲಿ ಹೊರಬಂದ ಈಮ್ಯಾಕ್ಸ್‌ನ 22.1ನೇ ಆವೃತ್ತಿಯಿಂದ ಮೊದಲ್ಗೊಂಡು ಆರ್ಗ್ ಮೋಡ್ ಸಂಪಾದಕದ ಜೊತೆಯಲ್ಲಿಯೇ ದೊರೆಯುತ್ತಿದೆ. ಕೋಡ್ ಚಲಾಯಿಸುವ 'ಬೇಬೆಲ್' ಎಂಬ ಭಾಗವನ್ನು ಎರಿಕ್ ಶುಲ್ಟೆ ಮತ್ತು ಡ್ಯಾನ್ ಡೇವಿಸನ್ ಅಭಿವೃದ್ಧಿಪಡಿಸಿದರು. 2010ರ 7ನೇ ಆವೃತ್ತಿಯಲ್ಲಿ ಅದು ಆರ್ಗ್‌ನ ಅಂಗವಾಯಿತು. ಡೊಮಿನಿಕ್ ಅವರ ನಂತರ ನಿರ್ವಹಣೆಯ ಹೊಣೆಯನ್ನು ಬಾಸ್ಟಿಯನ್ ಗೆರಿ ವಹಿಸಿಕೊಂಡರು.

ಹಿನ್ನೆಲೆಯ ಪರಿಕಲ್ಪನೆ

ಬರಹವನ್ನೂ ಕೋಡನ್ನೂ ಒಂದುಗೂಡಿಸುವ ಆಲೋಚನೆ ಆರ್ಗ್ ಮೋಡ್‌ಗಿಂತ ಹಳೆಯದು. ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಅವರು 1984ರಲ್ಲಿ 'ಲಿಟರೇಟ್ ಪ್ರೋಗ್ರಾಮಿಂಗ್' ಎಂಬ ಪದ್ಧತಿಯನ್ನು ಮಂಡಿಸಿದರು. ಕ್ರಮವಿಧಿಯನ್ನು ಯಂತ್ರಕ್ಕೆ ನೀಡುವ ಆದೇಶವೆಂದು ಮಾತ್ರ ನೋಡದೆ, ಮನುಷ್ಯರು ಓದಿ ತಿಳಿಯಬೇಕಾದ ಪ್ರಬಂಧದಂತೆ ಬರೆಯಬೇಕೆಂಬುದು ಅದರ ತಿರುಳು. ಇದರಲ್ಲಿ ಒಂದೇ ಮೂಲ ಕಡತದಿಂದ ಯಂತ್ರಕ್ಕೆ ಬೇಕಾದ ಕೋಡನ್ನು ಬೇರ್ಪಡಿಸಿ ತೆಗೆಯಲಾಗುತ್ತದೆ. ಅದೇ ಕಡತದಿಂದ ಓದುಗರಿಗೆ ಬೇಕಾದ ದಸ್ತಾವೇಜನ್ನೂ ಹೆಣೆಯಲಾಗುತ್ತದೆ. ಮೊದಲನೆಯ ಕ್ರಿಯೆಗೆ 'ಟ್ಯಾಂಗಲ್' ಎಂದೂ ಎರಡನೆಯದಕ್ಕೆ 'ವೀವ್' ಎಂದೂ ಹೆಸರು. ಆರ್ಗ್ ಮೋಡ್ ಎರಡನ್ನೂ ಮಾಡಬಲ್ಲದು. ಜೊತೆಗೆ ಕೋಡನ್ನು ಕಡತದೊಳಗೇ ಚಲಾಯಿಸಿ ಉತ್ತರವನ್ನು ಅಲ್ಲಿಯೇ ದಾಖಲಿಸುತ್ತದೆ.

ಟಿಪ್ಪಣಿಗಳ ನಿರ್ವಹಣೆ

ಸಾಲಿನ ಆರಂಭದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಗೂ ಖಾಲಿ ಸ್ಥಳವನ್ನು ಇಟ್ಟರೆ ಆ ಸಾಲು ಶೀರ್ಷಿಕೆಯಾಗುತ್ತದೆ. ಎರಡು ನಕ್ಷತ್ರಗಳನ್ನು ಇಟ್ಟರೆ ಉಪಶೀರ್ಷಿಕೆಯಾಗುತ್ತದೆ. ಶೀರ್ಷಿಕೆಯ ಮೇಲೆ ಟ್ಯಾಬ್ ಕೀಲಿಯನ್ನು ಒತ್ತಿದಂತೆಲ್ಲ ಅದರ ಕೆಳಗಿನ ಬರಹ ಮಡಚಿಕೊಳ್ಳುತ್ತದೆ ಅಥವಾ ತೆರೆದುಕೊಳ್ಳುತ್ತದೆ. ಆಲ್ಟ್ ಕೀಲಿಯ ಜೊತೆ ಬಾಣದ ಕೀಲಿಗಳನ್ನು ಬಳಸಿ ಶೀರ್ಷಿಕೆಗಳನ್ನು ಮೇಲೆ ಕೆಳಗೆ ಸರಿಸಬಹುದು, ಅವುಗಳ ಮಟ್ಟವನ್ನು ಏರಿಸಬಹುದು ಅಥವಾ ಇಳಿಸಬಹುದು.

ಶೀರ್ಷಿಕೆಗೆ 'ಟುಡೂ' ಎಂಬ ಗುರುತನ್ನು ಸೇರಿಸಿದರೆ ಅದು ಮಾಡಬೇಕಾದ ಕೆಲಸವಾಗುತ್ತದೆ. ಮುಗಿದ ಮೇಲೆ 'ಡನ್' ಎಂದು ಬದಲಾಯಿಸಲಾಗುತ್ತದೆ. ಕೆಲಸಗಳಿಗೆ ದಿನಾಂಕ, ಕೊನೆಯ ಗಡುವು ಮತ್ತು ಆದ್ಯತೆಗಳನ್ನು ನೀಡಬಹುದು. ಹಲವು ಕಡತಗಳಲ್ಲಿ ಚದುರಿರುವ ಇಂತಹ ಕೆಲಸಗಳನ್ನು 'ಅಜೆಂಡಾ' ಎಂಬ ನೋಟವು ದಿನ ಅಥವಾ ವಾರದ ಪಟ್ಟಿಯಾಗಿ ಒಟ್ಟುಗೂಡಿಸಿ ತೋರಿಸುತ್ತದೆ. ಬೇರೆ ಕೆಲಸದ ನಡುವೆ ಹೊಳೆದ ವಿಷಯವನ್ನು ಗುರುತು ಹಾಕಿಕೊಂಡು ಕೂಡಲೇ ಹಿಂದಿರುಗಲು 'ಕ್ಯಾಪ್ಚರ್' ಎಂಬ ಸೌಲಭ್ಯವಿದೆ.

ಕೋಡ್ ಚಲಾಯಿಸುವ ವಿಧಾನ

ಕೋಡನ್ನು ಆರಂಭದ ಸಾಲು ಹಾಗೂ ಮುಕ್ತಾಯದ ಸಾಲುಗಳ ನಡುವೆ ಬರೆಯಲಾಗುತ್ತದೆ. ಈ ಭಾಗವನ್ನು ಕೋಡ್ ಖಂಡವೆನ್ನಬಹುದು. ಆರಂಭದ ಸಾಲಿನಲ್ಲಿ ಪೈಥಾನ್, ಆರ್, ಶೆಲ್ ಮುಂತಾದ ಭಾಷೆಗಳಲ್ಲಿ ಯಾವುದೆಂದು ಸೂಚಿಸಬೇಕು. ಖಂಡದೊಳಗೆ ನಿಂತು, ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು 'ಸಿ' ಕೀಲಿಯನ್ನು ಎರಡು ಬಾರಿ ಒತ್ತಿದರೆ ಕೋಡ್ ಚಲಿಸಿ, ಉತ್ತರವು ಖಂಡದ ಕೆಳಗೆ ಮೂಡುತ್ತದೆ.

ಉದಾಹರಣೆಗೆ, ವಿದ್ಯಾರ್ಥಿಯೊಬ್ಬರ ಐದು ಕಿರುಪರೀಕ್ಷೆಗಳ ಅಂಕಗಳಾದ 62, 71, 55, 80 ಮತ್ತು 67ನ್ನು ಒಂದು ಕೋಷ್ಟಕದಲ್ಲಿ ಬರೆದು ಅದಕ್ಕೊಂದು ಹೆಸರು ಕೊಟ್ಟಿದೆ ಎಂದಿಟ್ಟುಕೊಳ್ಳಬಹುದು. ಅದರ ಕೆಳಗಿನ ಪೈಥಾನ್ ಖಂಡವು ಆ ಹೆಸರಿನ ಮೂಲಕ ಕೋಷ್ಟಕವನ್ನು ಪಡೆದು ಸರಾಸರಿಯನ್ನು 67 ಎಂದು ಬರೆಯುತ್ತದೆ. 55 ಎಂಬುದು ತಪ್ಪಾಗಿ ನಮೂದಾಗಿತ್ತೆಂದು ತಿಳಿದು ಅದನ್ನು 65 ಎಂದು ತಿದ್ದಿ, ಖಂಡವನ್ನು ಮತ್ತೆ ಚಲಾಯಿಸಿದರೆ ಸರಾಸರಿ 69 ಎಂದಾಗುತ್ತದೆ. ತಿದ್ದಿದ್ದೇಕೆ ಎಂಬ ವಿವರಣೆಯನ್ನೂ ಅದೇ ಕಡತದಲ್ಲಿ ಬರೆದಿಡಬಹುದು. ಒಂದು ಖಂಡದ ಉತ್ತರವನ್ನು ಬೇರೆ ಭಾಷೆಯ ಇನ್ನೊಂದು ಖಂಡಕ್ಕೆ ಒದಗಿಸಲೂ ಸಾಧ್ಯವಿದೆ.

ಸುರಕ್ಷತೆ

ಚಲಿಸಬಲ್ಲ ಕೋಡ್ ಇರುವ ಟಿಪ್ಪಣಿಯನ್ನು ಕೇವಲ ಓದುವ ಬರಹವೆಂದು ಭಾವಿಸುವಂತಿಲ್ಲ. ಶೆಲ್ ಭಾಷೆಯ ಒಂದೇ ಸಾಲು ಗಣಕದಲ್ಲಿರುವ ಕಡತಗಳನ್ನು ಅಳಿಸಿಬಿಡಬಹುದು. ಆದ್ದರಿಂದ ಆರಂಭದಲ್ಲಿ ಈಮ್ಯಾಕ್ಸ್ ಲಿಸ್ಪ್ ಭಾಷೆಯೊಂದನ್ನು ಮಾತ್ರ ಸಕ್ರಿಯವಾಗಿ ಇಡಲಾಗಿದೆ. ಉಳಿದ ಭಾಷೆಗಳನ್ನು ಬಳಕೆದಾರರೇ ಸೇರಿಸಿಕೊಳ್ಳಬೇಕು. ಪ್ರತಿ ಖಂಡವನ್ನು ಚಲಾಯಿಸುವ ಮೊದಲು ಆರ್ಗ್ ಮೋಡ್ ಒಪ್ಪಿಗೆಯನ್ನೂ ಕೇಳುತ್ತದೆ. ಈ ಪ್ರಶ್ನೆಯನ್ನು ಸ್ಥಗಿತಗೊಳಿಸುವ ಆಯ್ಕೆಯಿದ್ದರೂ, ಇತರರಿಂದ ಬಂದ ಕಡತಗಳನ್ನು ತೆರೆಯುವವರು ಹಾಗೆ ಮಾಡದಿರುವುದು ಕ್ಷೇಮ.

ಕಲಿಕೆಯ ಕ್ರಮ

ಆರ್ಗ್ ಮೋಡ್‌ನ ಕೈಪಿಡಿ ದೀರ್ಘವಾಗಿದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿ ಬಳಸಲು ಹೊರಡುವ ಅಗತ್ಯವಿಲ್ಲ. ಪ್ರತಿಯೊಂದು ಸೌಲಭ್ಯವೂ ಉಳಿದವುಗಳನ್ನು ಅರಿಯದೆಯೂ ಉಪಯೋಗಕ್ಕೆ ಬರುತ್ತದೆ. ಮೊದಲು ಈಮ್ಯಾಕ್ಸ್‌ನಲ್ಲಿಯೇ ಇರುವ ಪಾಠವನ್ನು ಅಭ್ಯಾಸ ಮಾಡಿ ಕಡತವನ್ನು ತೆರೆಯುವುದು, ಉಳಿಸುವುದು ಮತ್ತು ಮಾಡಿದ್ದನ್ನು ರದ್ದುಗೊಳಿಸುವುದನ್ನು ಕಲಿಯಬೇಕು. ಕಂಟ್ರೋಲ್-ಎಚ್ ಒತ್ತಿ, ಬಳಿಕ 'ಟಿ' ಒತ್ತಿದರೆ ಈ ಪಾಠ ತೆರೆದುಕೊಳ್ಳುತ್ತದೆ. ಅನಂತರ ಶೀರ್ಷಿಕೆ ಹಾಗೂ ಟ್ಯಾಬ್ ಕೀಲಿಗಳಿಂದ ಟಿಪ್ಪಣಿ ಬರೆಯುವುದು, ಆಮೇಲೆ ಕೆಲಸದ ಪಟ್ಟಿ ಮತ್ತು ದಿನಾಂಕಗಳು, ಅದರ ತರುವಾಯ ಕೋಷ್ಟಕಗಳು, ಕೊನೆಗೆ ಕೋಡ್ ಖಂಡಗಳು ಎಂಬ ಕ್ರಮವು ಅನುಕೂಲಕರ.

ಹೊಸಬರು ಸಾಮಾನ್ಯವಾಗಿ ಎಡವುವ ಸ್ಥಳವೊಂದಿದೆ. ಪೈಥಾನ್ ಖಂಡವು ತಾನಾಗಿ ಉತ್ತರವನ್ನು ತೋರಿಸುವುದಿಲ್ಲ. ಸಾಮಾನ್ಯ ಸ್ಥಿತಿಯಲ್ಲಿ 'ರಿಟರ್ನ್' ಪದದಿಂದ ಮೌಲ್ಯವನ್ನು ಹಿಂದಿರುಗಿಸಬೇಕು. 'ಪ್ರಿಂಟ್' ಬಳಸಿ ಬರೆದ ಉತ್ತರ ಕಾಣಬೇಕಾದರೆ, ಮುದ್ರಿತ ಫಲಿತಾಂಶವನ್ನು ಸಂಗ್ರಹಿಸುವಂತೆ ಖಂಡದ ಮೊದಲ ಸಾಲಿನಲ್ಲಿ ಸೂಚಿಸಬೇಕು. ಇದು ತಿಳಿಯದೆ, ಸರಿಯಾಗಿ ಬರೆದ ಕೋಡನ್ನೂ ತಪ್ಪೆಂದು ಭಾವಿಸಿ ಕಲಿಕೆಯನ್ನು ಕೈಬಿಡುವ ಸಂಭವವಿದೆ.

ಕನ್ನಡದಲ್ಲಿ ಬಳಕೆ

ಈಮ್ಯಾಕ್ಸ್ ಯೂನಿಕೋಡ್ ಅನ್ನು ಬೆಂಬಲಿಸುವುದರಿಂದ ಟಿಪ್ಪಣಿಗಳನ್ನು ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬಹುದು. ಐಟ್ರಾನ್ಸ್ ಮತ್ತು ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿವಿನ್ಯಾಸಗಳು ಅದರಲ್ಲಿಯೇ ಇವೆ. 'ಟುಡೂ', 'ಡನ್' ಎಂಬ ಗುರುತುಗಳಿಗೆ ಬದಲಾಗಿ 'ಬಾಕಿ', 'ಮುಗಿಯಿತು' ಎಂಬಂತಹ ಕನ್ನಡ ಪದಗಳನ್ನೂ ನಿಗದಿಪಡಿಸಬಹುದು. ಆದರೆ ಕನ್ನಡ ಅಕ್ಷರಗಳ ಅಗಲ ಒಂದೇ ತೆರನಾಗಿಲ್ಲವಾದ್ದರಿಂದ ಪರದೆಯ ಮೇಲೆ ಕೋಷ್ಟಕದ ಗೆರೆಗಳು ಸಾಲುತಪ್ಪಿ ಕಾಣಬಹುದು. ಇದರಿಂದ ಲೆಕ್ಕಕ್ಕೆ ಬಾಧಕವಿಲ್ಲ. ಪಿಡಿಎಫ್ ರೂಪಕ್ಕೆ ಪರಿವರ್ತಿಸುವಾಗ ಸಾಮಾನ್ಯವಾದ ಪಿಡಿಎಫ್‌ಲಾಟೆಕ್‌ಗೆ ಬದಲಾಗಿ ಜೀಲಾಟೆಕ್ ಅಥವಾ ಲುವಾಲಾಟೆಕ್ ಅನ್ನು ಆರಿಸಿ, ಕನ್ನಡ ಅಕ್ಷರಶೈಲಿಯೊಂದನ್ನು ಸೂಚಿಸಬೇಕಾಗುತ್ತದೆ.

ಮಿತಿಗಳು

ದತ್ತಾಂಶವನ್ನು ತಿದ್ದಿದ ಮಾತ್ರಕ್ಕೆ ಕೆಳಗಿನ ಉತ್ತರ ಬದಲಾಗುವುದಿಲ್ಲ. ಖಂಡವನ್ನು ಮರಳಿ ಚಲಾಯಿಸದಿದ್ದರೆ ಹೊಸ ಅಂಕಿಗಳ ಕೆಳಗೆ ಹಳೆಯ ಉತ್ತರ ಉಳಿದುಬಿಡುತ್ತದೆ. ಚಲಾಯಿಸಬೇಕಾದ ಭಾಷೆಯ ತಂತ್ರಾಂಶವು ಗಣಕದಲ್ಲಿ ಪ್ರತ್ಯೇಕವಾಗಿ ಇರಬೇಕು, ಮತ್ತು ಅದರ ಆವೃತ್ತಿ ಬದಲಾದರೆ ಹಳೆಯ ಕೋಡ್ ನಿಂತುಹೋಗಬಹುದು. ಹಾಗಾದಾಗಲೂ ಬರಹ ನಾಶವಾಗುವುದಿಲ್ಲ. ಆರ್ಗ್ ಕಡತವು ಸರಳ ಪಠ್ಯವಾದ್ದರಿಂದ ಈಮ್ಯಾಕ್ಸ್ ಇಲ್ಲದ ಗಣಕದಲ್ಲಿಯೂ ಯಾವುದೇ ಪಠ್ಯ ಸಂಪಾದಕದಿಂದ ಅದನ್ನು ತೆರೆದು, ವಿವರಣೆಯನ್ನೂ ಕೋಡನ್ನೂ ಕೊನೆಯ ಬಾರಿ ದಾಖಲಾದ ಉತ್ತರವನ್ನೂ ಓದಬಹುದು.