ಮುಡಿ ಅಕ್ಕಿಯ ಗೇಣಿಯಿಂದ ಬಾಯಿಮಾತಿನ ಗೇಣಿಗೆ

ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಮಿನ ಪ್ರಕಾರ ಯಾವ ಕೃಷಿ ಜಮೀನನ್ನೂ, ಎಷ್ಟೇ ಅಲ್ಪಾವಧಿಗಾದರೂ, ಗೇಣಿಗೆ ಕೊಡುವಂತಿಲ್ಲ. ಮುಖ್ಯ ವಿನಾಯಿತಿ ಇರುವುದು ಸೈನಿಕರಿಗೆ ಮತ್ತು ನಾವಿಕರಿಗೆ. ಉಡುಪಿ ಜಿಲ್ಲೆಯಲ್ಲಿ, ಸ್ವರ್ಣಾ ನದಿ ಕುದ್ರುಗಳನ್ನು (ನಡುಗಡ್ಡೆಗಳನ್ನು) ಬಳಸಿಕೊಂಡು ಕಡಲಿನತ್ತ ಸಾಗುವ ಕೆಮ್ಮಣ್ಣು, ತೋನ್ಸೆಯಿಂದ ಹಿಡಿದು ಕಾಪು, ಕಾರ್ಕಳದವರೆಗೆ ಊರು ಬಿಟ್ಟವರು ಬಹಳ. ಆದರೆ ಅವರಲ್ಲಿ ಹೆಚ್ಚಿನವರು ಹೋದದ್ದು ಹಡಗಿಗಲ್ಲ, ಮುಂಬೈಯ ಹೋಟೆಲಿಗೆ ಮತ್ತು ಕೊಲ್ಲಿ ದೇಶಗಳಿಗೆ. ಅಂಥವರ ಗದ್ದೆಯನ್ನು ಊರಲ್ಲುಳಿದ ನೆರೆಯವರು ಬಾಯಿಮಾತಿನ ಮೇಲೆ ಉಳುತ್ತಾರೆ. ಅದನ್ನು ಗೇಣಿ ಎಂದು ಯಾರೂ ಕರೆಯುವುದಿಲ್ಲ. ಗದ್ದೆ ಹಡಿಲು (ಪಾಳು) ಬೀಳಬಾರದು ಎಂಬ ನೆಪ ಸಾಕಾಗುತ್ತದೆ.

ಗೇಣಿ ಎಂಬ ಮಾತನ್ನಾಡಲು ಇರುವ ಈ ಅಂಜಿಕೆಗೆ ಉದ್ದದ ಇತಿಹಾಸವಿದೆ.

1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಪ್ರಾಂತ್ಯ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅದರ ಮೊದಲ ಕಲೆಕ್ಟರ್ ಥಾಮಸ್ ಮನ್ರೊ. ಇಲ್ಲಿ ಜಮೀನು ಖಾಸಗಿ ಸೊತ್ತಾಗಿರುವುದನ್ನೂ, ಮಾರಾಟ, ಅಡವು, ಪಾಲು ಎಲ್ಲಕ್ಕೂ ಒಳಪಡುವುದನ್ನೂ ಅವನು ಕಂಡ. ತೀರ್ವೆ ಕಟ್ಟುವ ಹೊಣೆ ವರ್ಗದಾರನದು. ಅವನ ಕೆಳಗೆ ಒಕ್ಕಲುಗಳು. ಮೂಲಗೇಣಿಯವನ ಹಕ್ಕು ವಂಶಪಾರಂಪರ್ಯದ್ದು, ಅವನು ಕೊಡುವ ಗೇಣಿಯೂ ಕಾಯಂ. ವಾಯಿದೆಗೇಣಿಗೆ ಅವಧಿಯ ಕಟ್ಟು. ಚಾಲಗೇಣಿಯವನ ಬದುಕು ಮಾತ್ರ ಧಣಿಯ ಮರ್ಜಿಯ ಮೇಲೆ ನಿಂತದ್ದು. ಒಕ್ಕಲುಗಳಲ್ಲಿ ಹೆಚ್ಚಿನವರು ಈ ಕೊನೆಯ ಸಾಲಿನವರು. ಗೇಣಿ ಅಳೆಯುತ್ತಿದ್ದುದು ಬೈಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿಯ ಲೆಕ್ಕದಲ್ಲಿ: 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ.

ವರ್ಗದಾರನಿಗೆ ಇನ್ನೊಂದು ಸವಲತ್ತೂ ಇತ್ತು, ಕುಮ್ಕಿ. ಸಾಗುವಳಿ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ, ಮೇವು ಪಡೆಯುವ ಅವಕಾಶ ಅದು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಅದನ್ನು ಉಳಿಸಿತು, ಆದರೆ ಸವಲತ್ತಾಗಿ ಮಾತ್ರ, ಒಡೆತನವಾಗಿ ಅಲ್ಲ. ಕರಾವಳಿಯ ಕಂದಾಯ ಕಚೇರಿಗಳಲ್ಲಿ ಈ ವ್ಯತ್ಯಾಸದ ಮೇಲಿನ ತಕರಾರು ಇಂದಿಗೂ ಮುಗಿದಿಲ್ಲ.

1956ರಲ್ಲಿ, ಉಡುಪಿಯೂ ಸೇರಿದ್ದ ದಕ್ಷಿಣ ಕನ್ನಡ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು. 1961ರ ಭೂಸುಧಾರಣಾ ಕಾಯ್ದೆ ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆಂದು ಜಮೀನನ್ನು ಹಿಂದಕ್ಕೆ ಪಡೆಯಲು ಧಣಿಗೆ ಅದರಲ್ಲಿ ದಾರಿ ಇಟ್ಟಿದ್ದರಿಂದ, ಒಕ್ಕಲಿಗೆ ಅದು ಅಭಯಕ್ಕಿಂತ ಆತಂಕವನ್ನೇ ತಂದಿತು ಎಂದರೆ ತಪ್ಪಾಗದು.

ನಿಜವಾದ ತಿರುವು ದೇವರಾಜ ಅರಸು ಸರಕಾರದ ತಿದ್ದುಪಡಿ. 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರಕಾರದ ಸ್ವಾಧೀನಕ್ಕೆ ಬಂತು. ಸಾಗುವಳಿ ಮಾಡುತ್ತಿದ್ದವನು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಕರಾವಳಿಯ ಬಾಯಲ್ಲಿ ಅದು 'ಡಿಕ್ಲರೇಶನ್'. ವಿಚಾರಣೆಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯಲ್ಲಿ ನಾಲ್ವರು ನಾಮನಿರ್ದೇಶಿತ ಸದಸ್ಯರ ಭೂನ್ಯಾಯಮಂಡಳಿ. ಅಲ್ಲಿಗೆ ವಕೀಲರು ಬರುವಂತಿರಲಿಲ್ಲ. ವಾದ ಕಟ್ಟಲು ಕಾಸಿಲ್ಲದ ಒಕ್ಕಲಿಗೂ ವಕೀಲರ ಪಡೆಯಿರುವ ಧಣಿಗೂ ಸಮಬಲ ಬರಲೆಂಬ ಈ ನಿರ್ಬಂಧವನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದುಹಾಕಿತು, ಕಾಯ್ದೆಯನ್ನು ಎತ್ತಿಹಿಡಿಯಿತು. ಅರ್ಜಿಯ ಗಡುವು ಮುಂದಕ್ಕೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು.

ಗಡುವನ್ನು ಅಷ್ಟು ಸಲ ಮುಂದೂಡಬೇಕಾಯಿತೇಕೆ? ಧಣಿಯ ಅಂಗಳದಲ್ಲಿ ತಲೆತಗ್ಗಿಸಿ ನಿಂತು ಮುಡಿ ಇಳಿಸಿದವನಿಗೆ ಅದೇ ಧಣಿಯ ಮೇಲೆ ಡಿಕ್ಲರೇಶನ್ ಕೊಡುವುದು ಕಾನೂನಿಗಿಂತ ಎದೆಗಾರಿಕೆಯ ಪ್ರಶ್ನೆಯಾಗಿತ್ತು. ಧಣಿಗಳ ಸಾಲಿನಲ್ಲಿ ದೇವಸ್ಥಾನಗಳೂ ಮಠಗಳೂ ಇದ್ದುದರಿಂದ ಭಯದ ಜೊತೆ ಭಕ್ತಿಯೂ ಅಡ್ಡಬಂದಿರಬೇಕು. ಇನ್ನೊಂದು ಕಡೆ ಕಾಯ್ದೆ ಚಿಕ್ಕ ಧಣಿ, ದೊಡ್ಡ ಧಣಿ ಎಂದು ನೋಡಲಿಲ್ಲ. ನಾಲ್ಕು ಮುಡಿ ಗೇಣಿಯಲ್ಲೇ ಒಲೆ ಹೊತ್ತಿಸುತ್ತಿದ್ದ ವಿಧವೆಯ ಗದ್ದೆಯೂ ಹೋಯಿತು.

ನ್ಯಾಯಮಂಡಳಿಗಳು ಕೂತಿದ್ದ ಕಾಲದಲ್ಲೇ, 1975ರಲ್ಲಿ, ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲ ಬಂತು. ಸ್ವಂತ ಬೇಸಾಯದ ಆಸೆಯಲ್ಲೇ ಕರಗಿದ ಚೋಮನಿಗೆ ಈ ಕಾಯ್ದೆಯಿಂದ ಏನು ಸಿಗುತ್ತಿತ್ತು? ಗದ್ದೆಯಂತೂ ಅಲ್ಲ. ಕಾಯ್ದೆ ಹುಡುಕಿದ್ದು ಗೇಣಿದಾರನನ್ನು. ಅವನ ಗದ್ದೆಯಲ್ಲಿ ಕೂಲಿಗೆ ದುಡಿದವರಿಗೆ ದಕ್ಕಿದ್ದು ಹೆಚ್ಚೆಂದರೆ ವಾಸದ ಮನೆಯಡಿಯ ಜಾಗ. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯೊಳಗೆ ಉಳುವವನು ಯಾರೆಂಬ ಪ್ರಶ್ನೆ ಹಾಗೇ ಉಳಿಯಿತು.

ಮೂಲಗೇಣಿಯ ಬಾಲ ಇನ್ನೂ ಉದ್ದವಿತ್ತು. 1974ರ ತಿದ್ದುಪಡಿ ಕೃಷಿ ಜಮೀನಿನದು. ಮನೆ, ಅಂಗಡಿ ನಿಂತ ಮೂಲಗೇಣಿ ಜಾಗಗಳಿಗೆಂದು 2011ರ ಪ್ರತ್ಯೇಕ ಕಾಯ್ದೆ ಬೇಕಾಯಿತು.

ಮುಂದಿನ ದೊಡ್ಡ ಬದಲಾವಣೆ 2020ರದು. ಕೃಷಿಯೇತರ ಆದಾಯ 25 ಲಕ್ಷ ರೂಪಾಯಿ ಮೀರಿದವರೂ ಕೃಷಿಕರಲ್ಲದವರೂ ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳು ರದ್ದಾದವು, ಅದೂ 1974ರ ಮಾರ್ಚ್ 1ರಿಂದಲೇ ಪೂರ್ವಾನ್ವಯವಾಗಿ. 5ನೇ ಕಲಮು ಮಾತ್ರ ಅಲ್ಲೇ ಉಳಿಯಿತು. ಹೀಗಾಗಿ ನೊಗ ಕಾಣದ ಶ್ರೀಮಂತ ಕೆಮ್ಮಣ್ಣಿನ ಬೈಲುಗದ್ದೆಯನ್ನು ಕೊಳ್ಳಬಹುದು, ಪಕ್ಕದ ಗದ್ದೆಯ ರೈತ ಅದನ್ನೇ ಒಂದು ಏಣೆಲು (ಮಳೆಗಾಲದ) ಬೆಳೆಗೆ ಕಾನೂನಿನ ಪ್ರಕಾರ ಗೇಣಿಗೆ ಪಡೆಯುವಂತಿಲ್ಲ. ಒಡೆಯರ ಭಯಕ್ಕೂ ಆಧಾರವಿದೆ: ಪರರ ಜಮೀನನ್ನು ಕಾನೂನುಬದ್ಧವಾಗಿ ಉಳುವವನನ್ನು ಗೇಣಿದಾರನೆಂದೇ ಭಾವಿಸುವ 4ನೇ ಕಲಮನ್ನು ಕರಾವಳಿಯ ಮನೆತನಗಳು ಮರೆತಿಲ್ಲ.

2016ರಲ್ಲಿ ನೀತಿ ಆಯೋಗ ಒಂದು ಮಾದರಿ ಕಾಯ್ದೆ ಮುಂದಿಟ್ಟಿತು. ಒಡೆತನಕ್ಕೆ ಧಕ್ಕೆಯಿಲ್ಲದೆ ಲಿಖಿತ ಗುತ್ತಿಗೆ, ಗುತ್ತಿಗೆದಾರನಿಗೆ ಸಾಲ ಮತ್ತು ವಿಮೆ, ಇದು ಅದರ ತಿರುಳು. ಕರ್ನಾಟಕ ಆ ದಾರಿ ಹಿಡಿಯಲಿಲ್ಲ. 2021ರಲ್ಲಿ ಆಗಿನ ಉಡುಪಿ ಶಾಸಕ ಕೆ. ರಘುಪತಿ ಭಟ್ ಮುಂದಾಳತ್ವದ ಕೇದಾರೋತ್ಥಾನ ಟ್ರಸ್ಟ್ ಹಡಿಲು ಗದ್ದೆಗಳಲ್ಲಿ ನಾಟಿ ಮಾಡಿಸಿ, 'ಉಡುಪಿ ಕೇದಾರ ಕಜೆ' ಹೆಸರಲ್ಲಿ ಅಕ್ಕಿ ಮಾರುಕಟ್ಟೆಗೆ ತಂದಿತು. ಸಂಸ್ಥೆಯೊಂದು ನಡುವೆ ನಿಂತರೆ ಒಡೆಯರು ಗದ್ದೆ ಬಿಟ್ಟುಕೊಡುತ್ತಾರೆಂಬುದು ಅಲ್ಲಿ ಕಂಡಿತು. ಒಬ್ಬೊಬ್ಬರೇ ಬಾಯಿಮಾತಿನಲ್ಲಿ ಉಳುವವರಿಗೆ ಆ ಆಸರೆಯಿಲ್ಲ. ಬೆಂಬಲ ಬೆಲೆಗೆ ಭತ್ತ ಕೊಡಲು ಬೇಕಾದ 'ಫ್ರೂಟ್ಸ್' ಎಂಬ ರೈತ ನೋಂದಣಿ ಪಹಣಿಗೆ ಜೋಡಿಸಿದ್ದು, ನೆರೆ ಪರಿಹಾರವೂ ಪಹಣಿಯ ಹೆಸರಿಗೇ ಹೋಗುವಂಥದ್ದು. ಪಹಣಿಯ ಮಾಲೀಕರ ಕಾಲಮಿನಲ್ಲಿ ಇರುವುದು ಮುಂಬೈಯಲ್ಲಿರುವವರ ಹೆಸರು.