ಫಲಕ ನೆಟ್ಟ ಬಯಲು: ಹೊರ ಬಡಾವಣೆಗಳೂ ಸರ್ಕಾರದ ಅನುದಾನವೂ

(ನಮ್ಮ ಸಂಘದ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದವರು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗೆಗೆ ನಾಲ್ಕು ಮಾತು ನಿರೀಕ್ಷಿಸುವುದು ಸಹಜ. ಸಮಿತಿಯವರೂ ಅದನ್ನೇ ಸೂಚಿಸಿದ್ದರು. ಆದರೆ ಮೆಲ್ಬರ್ನ್ ನಗರದ ಪಶ್ಚಿಮದ ಅಂಚಿನಲ್ಲಿ ಇಪ್ಪತ್ತು ವರ್ಷಗಳಿಂದ ವೃತ್ತಿ ನಡೆಸಿಕೊಂಡು ಬಂದಿರುವ ನಮ್ಮನ್ನು ಔಷಧಿಯ ಅಂಗಡಿಯಲ್ಲಿ ಪರಿಹಾರ ಸಿಗದ ಒಂದು ವಿಷಯ ಬಹುಕಾಲದಿಂದ ಕಾಡುತ್ತಿದೆ. ಇಂದು ಅದನ್ನೇ ನಿಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ.

ನಾವು ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದು, ಇಲ್ಲಿನ ಆಸ್ಪತ್ರೆಗಳಲ್ಲಿ ಮತ್ತೆ ವಿದ್ಯಾರ್ಥಿಗಳಂತೆ ರಾತ್ರಿಪಾಳಿ ದುಡಿದು, ಕೊನೆಗೊಂದು ಮನೆ ಕೊಂಡೆವು. ಅದು ಆಗತಾನೆ ಗೋಮಾಳದಿಂದ ಬಡಾವಣೆಯಾಗುತ್ತಿದ್ದ ನೆಲ. ರಸ್ತೆಯ ತುದಿಯಲ್ಲಿ ಒಂದು ಖಾಲಿ ಬಯಲು, ಬಯಲಿನಲ್ಲೊಂದು ಫಲಕ. ‘ಇಲ್ಲಿ ಸಮುದಾಯ ಕೇಂದ್ರ ನಿರ್ಮಾಣವಾಗಲಿದೆ’ ಎಂದು ಅದರಲ್ಲಿ ಬರೆದಿತ್ತು. ನಮ್ಮ ಮಗಳಿಗೆ ಆಗ ಎರಡು ವರ್ಷ. ಶಿಶುವಿಹಾರ, ಗ್ರಂಥಾಲಯ, ತಾಯಿ-ಮಕ್ಕಳ ಆರೋಗ್ಯ ಕೇಂದ್ರ ಎಲ್ಲವೂ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಬರುತ್ತವೆಂದು ನಂಬಿದ್ದೆವು. ಫಲಕದ ಬಣ್ಣ ಮಾಸಿತು, ಹುಲ್ಲು ಬೆಳೆಯಿತು, ಕಡಿದರು, ಮತ್ತೆ ಬೆಳೆಯಿತು. ಈ ಉಪನ್ಯಾಸ ಆ ಫಲಕದ ಚರಿತ್ರೆಯೆಂದರೂ ಸರಿಯೆ.

ಮೊದಲಿಗೆ ನಮ್ಮ ವೃತ್ತಿಗೆ ಹತ್ತಿರವಾದ ಕಡೆಯಿಂದ ಆರಂಭಿಸೋಣ. ವಿಕ್ಟೋರಿಯಾ ರಾಜ್ಯದ ಮೊಟ್ಟಮೊದಲ ಶಿಶು ಆರೋಗ್ಯ ಕೇಂದ್ರ ತೆರೆದದ್ದು 1917ರಲ್ಲಿ, ಮೆಲ್ಬರ್ನಿನ ರಿಚ್‌ಮಂಡ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ಡಾ. ಇಸಬೆಲಾ ಯಂಗರ್ ರಾಸ್ ಎಂಬ ವೈದ್ಯೆ, ಮ್ಯೂರಿಯಲ್ ಪೆಕ್ ಎಂಬ ದಾದಿ ಮೊದಲಾದ ಕೆಲವು ಮಹಿಳೆಯರ ಪ್ರಯತ್ನದ ಫಲ ಅದು. ಹಸುಗೂಸುಗಳು ಭೇದಿಯಿಂದ ಸಾಯುತ್ತಿದ್ದ ಕಾಲ. ಆಸ್ಪತ್ರೆ ಕಟ್ಟಿದರಷ್ಟೆ ಸಾಲದು, ತಾಯಿ ನಡೆದು ಬರುವಷ್ಟು ಹತ್ತಿರ ಒಂದು ಕೋಣೆ, ಒಂದು ತಕ್ಕಡಿ, ತಿಳಿವಳಿಕೆಯುಳ್ಳ ಒಬ್ಬ ದಾದಿ ಬೇಕೆಂಬುದು ಅವರ ನಂಬಿಕೆ. ಕೇಂದ್ರಗಳು ಹೆಚ್ಚಿದಂತೆ ಸ್ಥಳೀಯ ಕೌನ್ಸಿಲ್ ಮತ್ತು ರಾಜ್ಯ ಸರ್ಕಾರ ಖರ್ಚನ್ನು ಹಂಚಿಕೊಳ್ಳುವ ಪದ್ಧತಿ ಬೆಳೆಯಿತು. ಇಂದಿಗೂ ಈ ರಾಜ್ಯದಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿಗೂ ಶಾಲೆಯ ವಯಸ್ಸಿನೊಳಗೆ ಹತ್ತು ಬಾರಿ ಉಚಿತ ತಪಾಸಣೆಯ ವ್ಯವಸ್ಥೆಯಿದೆ. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಆ ಹಸಿರು ಪುಸ್ತಕ ಇದ್ದೇ ಇರುತ್ತದೆ.

ವ್ಯವಸ್ಥೆಯೇನೋ ಇದೆ. ಆದರೆ ಕೋಣೆ ಎಲ್ಲಿ? ಹಳೆಯ ಬಡಾವಣೆಗಳಲ್ಲಿ ಅದು ಮೂಲೆಯಾಚೆ ಇರುತ್ತದೆ. ಹೊಸದರಲ್ಲಿ ಎರಡು ಬಡಾವಣೆ ದಾಟಿದರೆ ಸಿಗುತ್ತದೆ. ಮನೆಗೊಂದೇ ಕಾರು, ಅದನ್ನು ಗಂಡ ಬೆಳಗ್ಗೆಯೇ ರೈಲ್ವೆ ನಿಲ್ದಾಣಕ್ಕೆ ಒಯ್ದಿರುತ್ತಾನೆ. ಬಸ್ಸು ಇನ್ನೂ ಬಂದಿಲ್ಲ. ಊರಿನಿಂದ ಬಂದಿದ್ದ ತಾಯಿ ವೀಸಾ ಮುಗಿದು ಹಿಂದಿರುಗಿದ್ದಾಳೆ. ಅಂಥ ಹೆಣ್ಣುಮಕ್ಕಳು ನಮ್ಮ ಬಳಿಗೆ ತಲೆನೋವೆಂದೋ ನಿದ್ರೆಯಿಲ್ಲವೆಂದೋ ಬರುತ್ತಾರೆ. ಹತ್ತು ನಿಮಿಷ ಮಾತನಾಡಿಸಿದ ಮೇಲೆ, ಇಡೀ ವಾರದಲ್ಲಿ ತಾನು ಗಂಡನಲ್ಲದೆ ಬೇರೆ ಯಾರೊಡನೆಯೂ ಮಾತನಾಡಿಲ್ಲವೆಂಬುದು ಹೊರಬೀಳುತ್ತದೆ. ಬಾಣಂತಿಯ ಖಿನ್ನತೆಗೆ ಔಷಧಿಯಿದೆ, ಬರೆದುಕೊಡುತ್ತೇವೆ. ಆದರೆ ಅವಳಿಗೆ ಬೇಕಾದ ತಾಯಂದಿರ ಗುಂಪು ಕೂಡಲು ಅಲ್ಲಿ ಒಂದು ಸೂರಿಲ್ಲ.

ಈಗ ಚರಿತ್ರೆಗೆ ಬರೋಣ. ಊರಂಚಿನ ಬಡಾವಣೆಗಳ ಕೊರತೆಯನ್ನು ರಾಷ್ಟ್ರದ ಪ್ರಶ್ನೆಯನ್ನಾಗಿ ಮಾಡಿದವರು ಪ್ರಧಾನಿ ಗಾಫ್ ವಿಟ್ಲಮ್. ಅವರು 1957ರಲ್ಲಿ ಸಂಸಾರ ಸಮೇತ ಸಿಡ್ನಿಯ ಪಶ್ಚಿಮದಲ್ಲಿ, ಕಬ್ರಮಟ್ಟ ಎಂಬಲ್ಲಿ ನೆಲೆಸಿದ್ದರು. ಒಳಚರಂಡಿಯಿಲ್ಲದ ಬಡಾವಣೆಗಳ ಬವಣೆಯನ್ನು ಕಣ್ಣಾರೆ ಕಂಡವರು. 1972ರ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದೊಡನೆ ನಗರಾಭಿವೃದ್ಧಿಗೆಂದೇ ಇಲಾಖೆಯೊಂದನ್ನು ತೆರೆದು ಟಾಮ್ ಯೂರೆನ್ ಅವರಿಗೆ ಒಪ್ಪಿಸಿದರು. ಒಳಚರಂಡಿಗೆ ಕೇಂದ್ರದ ಹಣ, ಸಮುದಾಯ ಆರೋಗ್ಯ ಕೇಂದ್ರಗಳಿಗೆ ಅನುದಾನ, ಪಶ್ಚಿಮ ಸಿಡ್ನಿ ಮತ್ತು ಪಶ್ಚಿಮ ಮೆಲ್ಬರ್ನಿನ ಕೌನ್ಸಿಲ್‌ಗಳಿಗೆ ಪ್ರದೇಶ ಸುಧಾರಣೆಯ ವಿಶೇಷ ನೆರವು ಒಂದರ ಹಿಂದೊಂದು ಬಂದವು. ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರವು ಸಾಮಾನ್ಯ ಅನುದಾನ ಕೊಡುವ ಪದ್ಧತಿ ಆರಂಭವಾದದ್ದೂ 1974-75ರಲ್ಲೇ. ರಾಜ್ಯಗಳ ಅಧಿಕಾರದಲ್ಲಿ ಕೇಂದ್ರ ಕೈಹಾಕುತ್ತಿದೆಯೆಂಬ ತಕರಾರು ಹೈಕೋರ್ಟಿನವರೆಗೆ ಹೋಯಿತು. (ಈ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಹೈಕೋರ್ಟ್ ಎಂದೇ ಹೆಸರು, ನಮ್ಮ ಸುಪ್ರೀಂ ಕೋರ್ಟಿನ ಸ್ಥಾನ ಅದರದು.) 1975ರಲ್ಲಿ ನ್ಯಾಯಾಲಯ ನಾಲ್ವರಿಗೆ ಮೂವರಂತೆ ಯೋಜನೆಯ ಪರವಾಗಿ ತೀರ್ಪಿತ್ತಿತು. ಆದರೆ ಅದೇ ವರ್ಷ ನವೆಂಬರಿನಲ್ಲಿ ಸರ್ಕಾರವೇ ಉರುಳಿತು. ಇಲಾಖೆ ಕಾಣೆಯಾಯಿತು, ಯೋಜನೆಗಳು ಕೆಲವೇ ವರ್ಷಗಳಲ್ಲಿ ಒಂದೊಂದಾಗಿ ಮುಚ್ಚಿದವು. ಸಾಮಾನ್ಯ ಅನುದಾನ ಮಾತ್ರ ಉಳಿಯಿತು. ಅದರಲ್ಲೂ ಶೇಕಡಾ 30ರಷ್ಟನ್ನು ತಲೆಲೆಕ್ಕದಲ್ಲಿ ಹಂಚಲೇಬೇಕೆಂಬ ನಿಯಮವಿರುವುದರಿಂದ, ನೂರು ವರ್ಷದ ಹಿಂದೆಯೇ ಎಲ್ಲವನ್ನೂ ಕಟ್ಟಿಕೊಂಡ ಸಿರಿವಂತ ಬಡಾವಣೆಯೂ ತನ್ನ ಪಾಲನ್ನು ಪಡೆಯುತ್ತದೆ.

ಅನುದಾನವೆಂದರೆ ಸಾಕು, ಅದರ ಹಿಂದೆಯೇ ಓಟಿನ ಲೆಕ್ಕ ಬರುತ್ತದೆ. ಇದು ನಮ್ಮ ದೇಶದ ರೋಗವೆಂದು ಎಣಿಸಿದ್ದೆವು. ಇಲ್ಲಿಗೆ ಬಂದ ಮೇಲೆ ಆ ಅಹಂಕಾರವೂ ಇಳಿಯಿತು. ರಾಸ್ ಕೆಲ್ಲಿ ಎಂಬ ಸಚಿವೆ ಊರೂರಿನ ಕ್ರೀಡಾ ಮತ್ತು ಸಾಂಸ್ಕೃತಿಕ ಸೌಕರ್ಯಗಳಿಗೆ ಹಂಚಿದ ಸುಮಾರು 30 ಮಿಲಿಯ ಡಾಲರ್ ಅನುದಾನದ ಕಡತ ಎಲ್ಲಿ ಎಂದು ಕೇಳಿದಾಗ, ಲೆಕ್ಕವನ್ನು ಕಚೇರಿಯ ಬಿಳಿ ಹಲಗೆಯ ಮೇಲೆ ಬರೆದು ಒರೆಸಿದ ಸಂಗತಿ ಬಯಲಾಯಿತು. 1994ರ ಫೆಬ್ರವರಿಯಲ್ಲಿ ಅವರು ರಾಜೀನಾಮೆಯಿತ್ತರು. ಅದು ಲೇಬರ್ ಪಕ್ಷದ ಕಾಲ. ಎದುರು ಪಕ್ಷದವರು ಇದರಿಂದ ಪಾಠ ಕಲಿತರೆ? 2020ರ ಜನವರಿಯಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧಕರು ಇನ್ನೊಂದು ವರದಿ ಕೊಟ್ಟರು: 100 ಮಿಲಿಯ ಡಾಲರುಗಳ ಕ್ರೀಡಾ ಸೌಕರ್ಯ ಅನುದಾನವನ್ನು ಅರ್ಹತೆಯ ಅಂಕಗಳನ್ನು ಬದಿಗಿಟ್ಟು, ಗೆಲುವಿನ ಅಂತರ ಕಡಿಮೆಯಿರುವ ಕ್ಷೇತ್ರಗಳತ್ತ ಹರಿಸಲಾಗಿದೆಯೆಂದು. ಆಗ ಸಚಿವೆ ಬ್ರಿಜೆಟ್ ಮೆಕೆಂಜಿ ಸ್ಥಾನ ತ್ಯಜಿಸಿದರು. ಎರಡಕ್ಕೂ ನಡುವೆ ಇಪ್ಪತ್ತಾರು ವರ್ಷ. ಹಲಗೆಯ ಜಾಗಕ್ಕೆ ಗಣಕಯಂತ್ರದ ಬಣ್ಣಬಣ್ಣದ ಪಟ್ಟಿ ಬಂದಿತ್ತು, ಅಷ್ಟೆ. ಗಟ್ಟಿಯಾಗಿ ಒಂದೇ ಪಕ್ಷಕ್ಕೆ ಓಟು ಹಾಕುವ ಊರಂಚಿನ ಬಡಾವಣೆಗಳಿಗೆ ಇಂಥ ಲೆಕ್ಕದಲ್ಲಿ ಎರಡು ಕಡೆಯಿಂದಲೂ ನಷ್ಟ: ಒಬ್ಬರು ನಮ್ಮವರೇ ಎಂದು ಮರೆಯುತ್ತಾರೆ, ಇನ್ನೊಬ್ಬರು ನಮ್ಮವರಲ್ಲವೆಂದು ಬಿಡುತ್ತಾರೆ.

ಇನ್ನು ನಮ್ಮ ವಿಕ್ಟೋರಿಯಾದ ಮಾತು. 1990ರ ದಶಕದ ಮಧ್ಯದಲ್ಲಿ ಜೆಫ್ ಕೆನೆಟ್ ಸರ್ಕಾರ 210 ಕೌನ್ಸಿಲ್‌ಗಳನ್ನು ಕೂಡಿಸಿ 78ಕ್ಕೆ ಇಳಿಸಿತು. ಮನೆಗಂದಾಯವನ್ನೂ ಕಡಿತಗೊಳಿಸಿ ಮಿತಿ ಹಾಕಿತು. ವಿಂಡಮ್, ಕೇಸಿ ಮೊದಲಾದ ಕೌನ್ಸಿಲ್‌ಗಳು ಈಗಿನ ರೂಪ ಪಡೆದದ್ದು ಆಗಲೇ. 2002ರಲ್ಲಿ ‘ಮೆಲ್ಬರ್ನ್ 2030’ ಎಂಬ ಯೋಜನೆ ನಗರದ ಬೆಳವಣಿಗೆಗೆ ಎಲ್ಲೆಯೊಂದನ್ನು ಎಳೆಯಿತು. ಎಳೆದವರೇ ಅದನ್ನು ಮತ್ತೆ ಮತ್ತೆ ಹೊರಗೆ ಸರಿಸಿದರು. 2010ರಲ್ಲಿ ಒಂದೇ ಏಟಿಗೆ 40,000 ಹೆಕ್ಟೇರಿಗೂ ಹೆಚ್ಚು ನೆಲ ಒಳಗೆ ಸೇರಿತು. ಆಗ ನೆಲದೊಡೆಯರಿಗೆ ಬಂದ ಲಾಭದಲ್ಲಿ ಒಂದು ಪಾಲು ಸರ್ಕಾರಕ್ಕೆ ಸಲ್ಲಲೆಂದು ಹೆಕ್ಟೇರಿಗೆ 80,000 ಮತ್ತು 95,000 ಡಾಲರ್ ದರದಲ್ಲಿ ಬೆಳವಣಿಗೆಯ ವಂತಿಗೆಯೊಂದನ್ನು ವಿಧಿಸಿದರು. ಅದು ರಾಜ್ಯ ಸರ್ಕಾರದ ಕೆಲಸಗಳಿಗೆ ಮೀಸಲು. ಕೌನ್ಸಿಲ್ ಕಟ್ಟಬೇಕಾದ್ದಕ್ಕೆ ಬೇರೆಯೇ ಲೆಕ್ಕ.

ಈ ಬೇರೆ ಲೆಕ್ಕದಲ್ಲೇ ಫಲಕದ ಗುಟ್ಟು ಅಡಗಿದೆ. ಕೊಂಚ ತಾಳ್ಮೆಯಿಂದ ಕೇಳಬೇಕು. ಬಡಾವಣೆ ಕಟ್ಟುವ ಕಂಪೆನಿಗಳಿಂದ ಕೌನ್ಸಿಲ್ ಎರಡು ಬಗೆಯ ಶುಲ್ಕ ವಸೂಲು ಮಾಡಬಹುದು. ರಸ್ತೆ, ಚರಂಡಿ, ಉದ್ಯಾನ, ಶಿಶುವಿಹಾರ, ಶಿಶು ಆರೋಗ್ಯ ಕೇಂದ್ರ, ಇವಕ್ಕೆ ಬೇಕಾದ ಜಾಗ ಇತ್ಯಾದಿ ಒಂದು ಪಟ್ಟಿ. ಸಭಾಭವನ, ಗ್ರಂಥಾಲಯ, ಆಟದ ಬಯಲಿನ ಕಟ್ಟಡ ಮೊದಲಾದವು ಇನ್ನೊಂದು ಪಟ್ಟಿ. ಎರಡನೆಯದಕ್ಕೆ ಕಾನೂನು ಬಹುಕಾಲ ಮನೆಯೊಂದಕ್ಕೆ 900 ಡಾಲರ್ ಎಂಬ ಮಿತಿ ಹಾಕಿತ್ತು. 2016ರ ಸುಮಾರಿಗೆ ಅದನ್ನು 1,150ಕ್ಕೆ ಏರಿಸಿದರು. ಒಂದು ಮನೆಯ ಪರದೆಗಳಿಗೂ ಸಾಲದ ಮೊತ್ತವಿದು. ಹೀಗಾಗಿ ಜಾಗವೇನೋ ಸಿಗುತ್ತದೆ, ಫಲಕವೂ ನಿಲ್ಲುತ್ತದೆ, ಕಟ್ಟಡಕ್ಕೆ ಹಣವಿರುವುದಿಲ್ಲ. ಮಿಕ್ಕದ್ದನ್ನು ಮನೆಗಂದಾಯದಿಂದ ತರೋಣವೆಂದರೆ, 2016-17ರಿಂದ ಆ ಕಂದಾಯದ ಏರಿಕೆಗೆ ರಾಜ್ಯ ಸರ್ಕಾರವೇ ವರ್ಷ ವರ್ಷ ಮಿತಿ ನಿಗದಿಪಡಿಸುತ್ತ ಬಂದಿದೆ. ಮೊದಲ ವರ್ಷ ಅದು ಶೇಕಡಾ 2.5. ಈ ವಂತಿಗೆಗಳ ಪದ್ಧತಿ ಬೇಕಾದ ಸೌಕರ್ಯವನ್ನು ಬೇಕಾದ ಕಾಲಕ್ಕೆ ಒದಗಿಸುತ್ತಿಲ್ಲವೆಂದು ರಾಜ್ಯದ ಮಹಾಲೇಖಪಾಲರು 2020ರಲ್ಲಿ ಎಚ್ಚರಿಸಿದ್ದರು. ಇತ್ತ ವಿಂಡಮ್ ಒಂದರಲ್ಲೇ 2011ರ ಜನಗಣತಿಯಲ್ಲಿ ಸುಮಾರು 1,61,000 ಇದ್ದ ಜನ 2021ಕ್ಕೆ 2,92,000 ಆಗಿದ್ದರು.

ಬೆಂಗಳೂರಿನಲ್ಲಿ ಬೆಳೆದವರಿಗೆ ‘ಸಿ.ಎ. ಸೈಟು’ ಎಂಬ ಮಾತು ನೆನಪಿರಬೇಕು. 1976ರ ಬಿ.ಡಿ.ಎ. ಕಾಯಿದೆ ಬಡಾವಣೆಯ ಶೇಕಡಾ 15 ಭಾಗವನ್ನು ಉದ್ಯಾನ, ಆಟದ ಬಯಲುಗಳಿಗೂ ಶೇಕಡಾ 10ನ್ನು ನಾಗರಿಕ ಸೌಕರ್ಯಗಳಿಗೂ ಬಿಡಬೇಕೆನ್ನುತ್ತದೆ. ಅಲ್ಲಿ ಜಾಗವನ್ನು ಉಳಿಸಿಕೊಳ್ಳುವುದೇ ಹೋರಾಟ. ಇಲ್ಲಿ ಜಾಗಕ್ಕೆ ಬೇಲಿಯಿದೆ, ಯಾರೂ ಕಬಳಿಸುವುದಿಲ್ಲ; ಆದರೆ ಕಾಯುವುದಕ್ಕೆ ಕೊನೆಯಿಲ್ಲ.

ಇಂಥ ಇಕ್ಕಟ್ಟಿನಲ್ಲಿ ಊರಂಚಿನ ಹತ್ತು ಕೌನ್ಸಿಲ್‌ಗಳು ಒಂದಾಗಿ ಸರ್ಕಾರದ ಬಾಗಿಲು ತಟ್ಟಿದವು. ಡೇನಿಯಲ್ ಆ್ಯಂಡ್ರೂಸ್ ಸರ್ಕಾರ ತನ್ನ ಮೊದಲ ಬಜೆಟ್ಟಿನಲ್ಲಿ, ಅಂದರೆ 2015-16ರಲ್ಲಿ, ಅವುಗಳಿಗೆಂದೇ 50 ಮಿಲಿಯ ಡಾಲರುಗಳ ನಿಧಿಯೊಂದನ್ನು ತೆರೆಯಿತು. ಮುಂದೆ ಅದಕ್ಕೆ ‘ಗ್ರೋಯಿಂಗ್ ಸಬರ್ಬ್ಸ್ ಫಂಡ್’ ಎಂದು ಹೆಸರಾಯಿತು. ಕೌನ್ಸಿಲ್ ಅರ್ಜಿ ಹಾಕಬೇಕಿತ್ತು, ತನ್ನ ಪಾಲಿನ ಹಣವನ್ನೂ ತೋರಿಸಬೇಕಿತ್ತು, ನಿಗದಿತ ಅವಧಿಯೊಳಗೆ ಕಾಮಗಾರಿ ಆರಂಭಿಸಬೇಕಿತ್ತು. ಈ ನಿಧಿಯಿಂದ ಆದ ಉಪಕಾರವನ್ನು ಅಲ್ಲಗಳೆಯಲಾರೆವು. ಸಮುದಾಯ ಕೇಂದ್ರಗಳು, ಶಿಶುವಿಹಾರಗಳು, ಗ್ರಂಥಾಲಯಗಳು, ಹೆಣ್ಣುಮಕ್ಕಳೂ ಬಟ್ಟೆ ಬದಲಿಸಬಹುದಾದ ಆಟದ ಬಯಲಿನ ಕಟ್ಟಡಗಳು ಹಲವೆಡೆ ಎದ್ದುನಿಂತವು. ಹಳೆಯ ಬಿಳಿ ಹಲಗೆಯ ಕಥೆಗೆ ಹೋಲಿಸಿದರೆ, ಅರ್ಹರಾದ ಕೌನ್ಸಿಲ್‌ಗಳು ಯಾವುವೆಂದು ಮೊದಲೇ ಹೇಳಿಬಿಟ್ಟಿದ್ದು ದೊಡ್ಡ ಸುಧಾರಣೆಯೇ ಸರಿ.

ಆದರೂ ಅದು ವರ್ಷ ವರ್ಷದ ಬಜೆಟ್ಟಿನ ಕೂಸು. ಯಾವ ಕಾನೂನೂ ಅದನ್ನು ಕೊಡಲೇಬೇಕೆನ್ನುವುದಿಲ್ಲ. ಕೋವಿಡ್ ನಂತರ ಸರ್ಕಾರದ ಸಾಲ ಏರಿದಂತೆ ನಿಧಿಯ ಮೊತ್ತವೂ ಇಳಿಯಿತು. ಬಡಾವಣೆಗೆ ಬರುವ ಜನರನ್ನು ಮಾತ್ರ ಯಾರೂ ಇಳಿಸಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 200 ಮಿಲಿಯ ಡಾಲರುಗಳ ಇನ್ನೊಂದು ಯೋಜನೆ ಇಡೀ ದೇಶದ ನಗರಗಳಿಗೆ ಸೇರಿದ್ದು. ಇನ್ನೊಂದು ತೊಡಕೂ ಇದೆ: ಇಂಥ ಅನುದಾನ ಕಟ್ಟಡಕ್ಕೆ ಸಲ್ಲುತ್ತದೆಯೇ ಹೊರತು ಅದರೊಳಗೆ ದುಡಿಯುವವರಿಗಲ್ಲ. ತಕ್ಕಡಿಯಿದ್ದು ದಾದಿಯಿಲ್ಲದ ಕೋಣೆಯನ್ನು ಡಾ. ಯಂಗರ್ ರಾಸ್ ಆರೋಗ್ಯ ಕೇಂದ್ರವೆಂದು ಕರೆಯುತ್ತಿರಲಿಲ್ಲವೆಂದು ನಮ್ಮ ಭಾವನೆ.

ನಮ್ಮ ಜನರ ಬಗೆಗೂ ಒಂದು ಮಾತು, ಹಿರಿಯರು ಮುನಿಯಬಾರದು. ಕೌನ್ಸಿಲ್ ತನ್ನ ಯೋಜನೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಾಗ ಅಭಿಪ್ರಾಯ ಬರೆಯುವವರಲ್ಲಿ ನಮ್ಮವರು ವಿರಳ. ಮಕ್ಕಳ ಟ್ಯೂಶನ್ನಿಗೆ ಐವತ್ತು ಮೈಲಿ ಕಾರು ಓಡಿಸುವೆವು. ಅರ್ಧ ಪುಟದ ಅರ್ಜಿಗೆ ಬಿಡುವಿಲ್ಲ. ಅನುದಾನದ ಅರ್ಜಿಯಲ್ಲಿ ‘ಈ ಕಟ್ಟಡವನ್ನು ಯಾರು ಬಳಸುವರು’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿನವರು ಸದಸ್ಯರ ಎಣಿಕೆಯೊಡನೆ ಪತ್ರ ಕೊಟ್ಟರು. ಭಾನುವಾರದ ಕನ್ನಡ ಶಾಲೆಯನ್ನು ಯಾರದೋ ಗ್ಯಾರೇಜಿನಲ್ಲಿ ನಡೆಸುತ್ತಿದ್ದ ನಾವು ಕೊಡಲಿಲ್ಲ. ಆ ತಪ್ಪಿನಲ್ಲಿ ಈ ಉಪನ್ಯಾಸ ಮಾಡುತ್ತಿರುವವರ ಪಾಲೂ ಇದೆ.

ನಮ್ಮ ರಸ್ತೆಯ ತುದಿಯ ಸಮುದಾಯ ಕೇಂದ್ರ ಕೊನೆಗೂ ತೆರೆಯಿತು. ಬಾಗಿಲ ಬಳಿಯ ಹಿತ್ತಾಳೆಯ ಹಲಗೆಯಲ್ಲಿ ಸರ್ಕಾರದ ಅನುದಾನವನ್ನು ಸ್ಮರಿಸಿದ್ದಾರೆ. ಉದ್ಘಾಟನೆಯ ದಿನ ನಮ್ಮ ಮಗಳು ಬರಲಾಗಲಿಲ್ಲ. ಅವಳಿಗೆ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯಿತ್ತು. ಈಗ ಭಾನುವಾರಗಳಂದು ಅಲ್ಲಿನ ಹಿಂದಿನ ಕೋಣೆಯಲ್ಲಿ ಕನ್ನಡ ಶಾಲೆ ನಡೆಯುತ್ತದೆ, ಮಂಗಳವಾರ ತಾಯಂದಿರ ಗುಂಪು ಸೇರುತ್ತದೆ; ನಮ್ಮ ಬಳಿಗೆ ಬರುವ ಬಾಣಂತಿಯರಿಗೆ ಔಷಧಿಯ ಚೀಟಿಯ ಹಿಂಬದಿಯಲ್ಲಿ ಅದರ ವೇಳೆಯನ್ನೂ ಬರೆದುಕೊಡುತ್ತೇವೆ. ಕಳೆದ ತಿಂಗಳು ರೋಗಿಯೊಬ್ಬರನ್ನು ನೋಡಲು ಇನ್ನೂ ಆರು ಕಿಲೋಮೀಟರ್ ಪಶ್ಚಿಮಕ್ಕೆ, ಹೊಸದಾಗಿ ಎದ್ದಿರುವ ಮನೆಗಳ ನಡುವೆ ಹೋಗಿದ್ದೆವು. ರಸ್ತೆಯ ತುದಿಯಲ್ಲಿ ಒಂದು ಬಯಲಿತ್ತು. ಬಯಲಿನಲ್ಲೊಂದು ಹೊಸ ಫಲಕ.