ಪೊಟೊಸಿ: ಬೆಳ್ಳಿಯ ಬೆಟ್ಟದ ಊರು

ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳ ರೇವಿನಿಂದ ಘಟ್ಟದ ಮೆಣಸೂ ಕರಾವಳಿಯ ಅಕ್ಕಿಯೂ ಪೋರ್ಚುಗೀಸರ ಹಡಗುಗಳನ್ನು ಏರುತ್ತಿದ್ದುವು. ಯೂರೋಪಿನ ವರ್ತಕರು ತರುವ ಸರಕಿನಲ್ಲಿ ನಮ್ಮವರ ಮನಸ್ಸಿಗೆ ಒಪ್ಪುವಂಥವು ಕೆಲವೇ. ಎಲ್ಲರೂ ಬೇಡುತ್ತಿದ್ದದ್ದು ಬೆಳ್ಳಿಯನ್ನು. ಆದಕಾರಣ ಲಿಸ್ಬನ್ನಿನಿಂದ ಗೋವೆಗೆ ಬರುವ ನೌಕೆಗಳು ಸ್ಪೇನ್ ದೇಶದ ರಿಯಾಲ್ ನಾಣ್ಯಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ತರುತ್ತಿದ್ದುವು. ಆ ಕಾಲದಲ್ಲಿ ಲೋಕದ ವ್ಯಾಪಾರದಲ್ಲಿ ಹರಿದಾಡಿದ ಬೆಳ್ಳಿಯ ಬಹು ದೊಡ್ಡ ಪಾಲು ದಕ್ಷಿಣ ಅಮೆರಿಕದ ಒಂದೇ ಒಂದು ಬೆಟ್ಟದ ಹೊಟ್ಟೆಯಿಂದ ಬಂದದ್ದು. ಆ ಬೆಟ್ಟದ ಬುಡದಲ್ಲಿರುವ ಊರೇ ಪೊಟೊಸಿ. ಮಾರ್ಗದರ್ಶಿಯ ಹಂಗಿಲ್ಲದೆ ಅದರ ಬೀದಿಗಳಲ್ಲಿ ನಾವು ಮನಸ್ಸಿನಲ್ಲಿಯೇ ಒಂದು ಸುತ್ತು ನಡೆದು ಬರೋಣ.

ಪೊಟೊಸಿ ಈಗಿನ ಬೊಲಿವಿಯ ದೇಶಕ್ಕೆ ಸೇರಿದೆ. ಸಮುದ್ರ ಮಟ್ಟಕ್ಕಿಂತ ೧೩,೦೦೦ ಅಡಿಗೂ ಮಿಕ್ಕ ಎತ್ತರದಲ್ಲಿರುವುದರಿಂದ ಹೊಸಬರು ನಾಲ್ಕು ಹೆಜ್ಜೆಗೇ ಏದುಸಿರು ಬಿಡುತ್ತಾರೆ. ಆದುದರಿಂದ ಮೆಲ್ಲನೆ ನಡೆಯುವುದೇ ಇಲ್ಲಿಯ ಮೊದಲನೆಯ ನಿಯಮ. ೧೫೪೫ರಲ್ಲಿ ದಿಯೆಗೊ ವಾಲ್ಪ ಎಂಬ ಸ್ಥಳೀಯನು ಬೆಟ್ಟದಲ್ಲಿ ಬೆಳ್ಳಿಯನ್ನು ಕಂಡನೆಂದು ಪ್ರತೀತಿ. ಮರವೂ ಬೆಳೆಯದ, ಪೈರೂ ಏಳದ ಈ ನೆಲದಲ್ಲಿ ಆ ಬಳಿಕ ಹುಟ್ಟಿದ ಊರು, ೧೬೧೧ರ ಲೆಕ್ಕದಂತೆ, ೧,೬೦,೦೦೦ ಜನರನ್ನು ಒಳಗೊಂಡಿತ್ತು. ಯೂರೋಪಿನ ಹೆಸರಾಂತ ನಗರಗಳಿಗೆ ಇದು ಸಾಟಿಯಾದ ಸಂಖ್ಯೆ. ಬೆಲೆ ಕಟ್ಟಲಾರದ ವಸ್ತುವನ್ನು ‘ಒಂದು ಪೊಟೊಸಿಯಷ್ಟು ಬಾಳುವುದು’ ಎನ್ನುವ ನುಡಿಗಟ್ಟು ಸ್ಪ್ಯಾನಿಷ್ ಭಾಷೆಯಲ್ಲಿ ಇಂದಿಗೂ ಉಂಟು.

ಊರ ನಡುವಣ ಚೌಕದಿಂದ ಹೊರಡೋಣ. ಸ್ಪೇನಿನ ಆಳ್ವಿಕೆಯ ವಿರುದ್ಧ ೧೮೧೦ರ ನವೆಂಬರ್ ೧೦ರಂದು ಇಲ್ಲಿಯವರು ಎದ್ದ ದಂಗೆಯ ನೆನಪಿಗೆ ಚೌಕವು ಆ ತಾರೀಖನ್ನೇ ಹೆಸರಾಗಿ ಧರಿಸಿದೆ. ಅಲ್ಲಿಂದ ಕೂಗಳತೆಯಲ್ಲಿ ಕೋಟೆಯಂತೆ ದಪ್ಪ ಗೋಡೆಗಳ ಟಂಕಸಾಲೆ ಕಾಣುವುದು. ಮೊದಲನೆಯ ಟಂಕಸಾಲೆಯನ್ನು ೧೫೭೨ರಲ್ಲಿ ಸ್ಥಾಪಿಸಿದರು. ಈಗ ನಾವು ನೋಡುವ ಭವ್ಯ ಕಟ್ಟಡವು ೧೭೫೯ರಿಂದ ೧೭೭೩ರವರೆಗೆ ಕಟ್ಟಿದ್ದು. ಒಳಗೆ ಬೆಳ್ಳಿಯ ಪಟ್ಟಿಗಳನ್ನು ತೆಳ್ಳಗೆ ಮಾಡುತ್ತಿದ್ದ ಮರದ ಮಹಾಚಕ್ರಗಳು ಇನ್ನೂ ನಿಂತಿವೆ. ಕೆಳಗಿನ ಅಂತಸ್ತಿನಲ್ಲಿ ಹೇಸರಗತ್ತೆಗಳು ಗಾಣದ ಎತ್ತಿನಂತೆ ಸುತ್ತುತ್ತ ಇವನ್ನು ತಿರುಗಿಸುತ್ತಿದ್ದುವು. ಆಫ್ರಿಕದಿಂದ ತಂದ ಗುಲಾಮರೂ ಟಂಕಸಾಲೆಯಲ್ಲಿ ದುಡಿದರು. ಇಷ್ಟು ಕಾವಲಿನ ನಡುವೆಯೂ ಮೋಸ ನಡೆಯದಿರಲಿಲ್ಲ. ೧೬೪೦ರ ದಶಕದಲ್ಲಿ ನಾಣ್ಯದ ಬೆಳ್ಳಿಯನ್ನು ಕಡಿಮೆ ಮಾಡಿದ ವಂಚನೆ ಬಯಲಾಗಿ, ೧೬೫೦ರಲ್ಲಿ ಗೋಮೆಸ್ ದ ಲಾ ರೋಚ ಎಂಬ ಧನಿಕನಿಗೆ ಮರಣದಂಡನೆಯಾಯಿತು. ಪೊಟೊಸಿಯ ನಾಣ್ಯವೆಂದರೆ ದೂರದೂರದ ವರ್ತಕರೂ ಅನುಮಾನಿಸುವಂತಾಯಿತು. ೧೬೫೨ರಲ್ಲಿ ನಾಣ್ಯದ ಮುದ್ರೆಯನ್ನೇ ಬದಲಾಯಿಸಬೇಕಾಯಿತು.

ಇದೇ ಕಟ್ಟಡದ ಚಿತ್ರಶಾಲೆಯಲ್ಲಿ ಹದಿನೆಂಟನೆಯ ಶತಮಾನದ, ಕರ್ತೃವಿನ ಹೆಸರು ಕಾಣದ ಚಿತ್ರವೊಂದಿದೆ. ಅದರಲ್ಲಿ ಮೇರಿಮಾತೆಯ ನಿಲುವಂಗಿಯೇ ಬೆಳ್ಳಿಯ ಬೆಟ್ಟ. ಉಡುಗೆಯ ಅಂಚಿನಿಂದ ಮೇಲಕ್ಕೆ ಗಣಿಯ ಹಾದಿಗಳು ಏರುತ್ತವೆ. ಕೆಳಗೆ ಪೋಪರೂ ಚಕ್ರವರ್ತಿಯೂ ಕೈಮುಗಿದಿದ್ದಾರೆ. ಬೆಟ್ಟವನ್ನು ತಾಯಿಯೆಂದು ಪೂಜಿಸುತ್ತಿದ್ದ ನಾಡಜನರ ನಂಬಿಕೆ ಹೊಸ ಮತದ ಒಳಗೆ ಹೀಗೆ ನೆಲೆ ಕಂಡುಕೊಂಡಿತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಟಂಕಸಾಲೆಯ ಬೀದಿಯಲ್ಲೇ ಮುಂದುವರಿದರೆ ಜೆಸುಯಿಟ್ ಪಾದ್ರಿಗಳ ಇಗರ್ಜಿಯ ಗೋಪುರ ಎದುರಾಗುವುದು. ಹಗ್ಗ ಹೊಸೆದಂತೆ ತಿರುಚಿಕೊಂಡ ಕಂಬಗಳ ಈ ಗೋಪುರವನ್ನು ೧೭೦೭ರಲ್ಲಿ ಮುಗಿಸಿದವನು ಸೆಬಾಸ್ಟಿಯನ್ ದ ಲಾ ಕ್ರೂಸ್ ಎಂಬ ನಾಡಶಿಲ್ಪಿ. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಮಾರುಕಟ್ಟೆಯ ಬಳಿ ಕರಾಂಗಾಸ್ ಜನರ ಸಂತ ಲೊರೆನ್ಸೊ ಇಗರ್ಜಿ. ೧೭೨೮ರಿಂದ ೧೭೪೪ರವರೆಗೆ ಕೆತ್ತಿದ ಇದರ ಬಾಗಿಲುವಾಡದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸೂರ್ಯ, ಚಂದ್ರ, ನಕ್ಷತ್ರಗಳ ನಡುವೆ ಇಬ್ಬರು ಮತ್ಸ್ಯಕನ್ಯೆಯರು ತಂತಿವಾದ್ಯವನ್ನು ನುಡಿಸುತ್ತಿದ್ದಾರೆ. ಕ್ರೈಸ್ತ ದೇವಾಲಯದ ನೆತ್ತಿಯ ಮೇಲೆ ನಾಡಿನ ಕೈಗಳು ತಮ್ಮ ಲೋಕವನ್ನು ಕೆತ್ತಿಟ್ಟವು. ಕರಾಂಗಾಸ್ ಎಂಬುದು ದೂರದ ಒಂದು ಪ್ರಾಂತ. ಅಲ್ಲಿಯವರಿಗೆ ಈ ಊರಿನಲ್ಲಿ ಒಂದು ಇಗರ್ಜಿ ಏತಕ್ಕೆ ಬೇಕಾಯಿತು? ಇದರ ಉತ್ತರವೇ ಪೊಟೊಸಿಯ ಚರಿತ್ರೆ.

ಉತ್ತರವನ್ನು ಅರಿಯಲು ದಕ್ಷಿಣಕ್ಕೆ ನಡೆದು ಸಂತ ಫ್ರಾನ್ಸಿಸ್ಕೊ ಇಗರ್ಜಿಯ ಛಾವಣಿಯನ್ನು ಹತ್ತೋಣ. ಕೆಂಪು ಹೆಂಚುಗಳಾಚೆ ಬೆಟ್ಟವು ಧಾನ್ಯದ ರಾಶಿಯಂತೆ ಎದ್ದು ನಿಂತಿದೆ. ಮೊದಲ ದಿನಗಳಲ್ಲಿ ಅದರ ಇಳಿಜಾರಿನಲ್ಲಿ ಸ್ಥಳೀಯರ ಗಾಳಿಕುಲುಮೆಗಳು ಸಾವಿರ ಸಾವಿರವಾಗಿ ಉರಿಯುತ್ತಿದ್ದುವು. ಒಳ್ಳೆಯ ಅದಿರು ಮುಗಿಯುತ್ತ ಬಂದಾಗ ರಾಜಪ್ರತಿನಿಧಿ ಫ್ರಾನ್ಸಿಸ್ಕೊ ದ ತೊಲೆದೊ ೧೫೭೨ರಲ್ಲಿ ಇಲ್ಲಿಗೆ ಬಂದು ಮೂರು ಏರ್ಪಾಡುಗಳನ್ನು ಮಾಡಿದನು. ವಾಂಕಾವೆಲಿಕದ ಪಾದರಸದಿಂದ ಬಡ ಅದಿರಿನಲ್ಲಿಯೂ ಬೆಳ್ಳಿಯನ್ನು ಬೇರ್ಪಡಿಸುವುದು ಒಂದು. ಅದಿರನ್ನು ಕುಟ್ಟುವ ಯಂತ್ರಗಳಿಗೆ ನೀರೊದಗಿಸಲು ಮೇಲಿನ ಕಣಿವೆಗಳಲ್ಲಿ ಕೆರೆಗಳನ್ನು ಕಟ್ಟಿಸುವುದು ಎರಡು. ಮೂರನೆಯದು ‘ಮಿತ’. ಇಂಕಾ ಅರಸರ ಕಾಲದಲ್ಲಿ ಈ ಮಾತಿಗೆ ಸರದಿಯ ಸೇವೆಯೆಂದು ಅರ್ಥ. ತೊಲೆದೊ ಅದನ್ನು ಕೊರಳಿಗೆ ನೊಗವಾಗಿಸಿದನು. ಕೂಸ್ಕೊದ ಕಡೆಯಿಂದ ಹಿಡಿದು ಹದಿನಾರು ಪ್ರಾಂತಗಳಲ್ಲಿ ಹದಿನೆಂಟರಿಂದ ಐವತ್ತರ ಪ್ರಾಯದ ಗಂಡಸರಲ್ಲಿ ಏಳನೆಯ ಒಂದು ಪಾಲಿನವರು ಪ್ರತಿ ವರ್ಷ ಗಣಿಗೆ ಬರತಕ್ಕದ್ದು. ಹೀಗೆ ಬಂದವರು ವರ್ಷಕ್ಕೆ ಸುಮಾರು ೧೩,೫೦೦. ಹೆಂಡಿರು ಮಕ್ಕಳು, ಲಾಮಾ ಪ್ರಾಣಿಗಳೊಡನೆ ಅವರು ವಾರಗಟ್ಟಲೆ ನಡೆದು ಬರುತ್ತಿದ್ದರು. ಕರಾಂಗಾಸಿನವರೂ ಹೀಗೆ ಬಂದವರೇ. ಅಲ್ಪ ಕೂಲಿ ಇತ್ತು, ಒಲ್ಲೆನೆನ್ನುವ ಸ್ವಾತಂತ್ರ್ಯವಿರಲಿಲ್ಲ. ನಮ್ಮಲ್ಲಿ ಬಿಟ್ಟಿಯೆಂದರೆ ಏನೆಂದು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಅವರು ಅದಿರಿನ ಮೂಟೆಯನ್ನು ಬೆನ್ನಿಗೆ ಕಟ್ಟಿಕೊಂಡು, ಮೇಣದ ಬತ್ತಿಯ ಬೆಳಕಿನಲ್ಲಿ, ತೊಗಲಿನ ಏಣಿಗಳನ್ನೇರಿ ಬರುತ್ತಿದ್ದರು. ಹೊರಗೆ ಉಪ್ಪೂ ಪಾದರಸವೂ ಕಲಸಿದ ಅದಿರಿನ ಕೆಸರನ್ನು ಬರಿಗಾಲಿನಲ್ಲಿ ತುಳಿಯುತ್ತಿದ್ದರು. ೧೬೨೬ರ ಮಾರ್ಚ್ ೧೫ರಂದು ಮೇಲಿನ ಕೆರೆಯೊಂದರ ಕಟ್ಟೆ ಒಡೆದು ನದೀತೀರದ ಯಂತ್ರಶಾಲೆಗಳೂ ಮನೆಗಳೂ ಕೊಚ್ಚಿಹೋದುವು. ಮಿತದ ಭಯದಿಂದ ಎಷ್ಟೋ ಮಂದಿ ಹುಟ್ಟಿದ ಊರನ್ನೇ ತೊರೆದರು, ಹಳ್ಳಿಗಳು ಬರಿದಾದುವು. ಇಲ್ಲಿ ಸತ್ತವರು ೮೦ ಲಕ್ಷವೆಂದು ಹೇಳುವ ವಾಡಿಕೆಯುಂಟು. ಚರಿತ್ರಕಾರರು ಅದನ್ನು ಒಪ್ಪುವುದಿಲ್ಲ. ಹಾಗೆ ಹಿಗ್ಗಿಸಬೇಕಾದ ಅವಶ್ಯಕತೆಯೂ ಇಲ್ಲ. ಸರ್ಕಾರದ ಕಡತಗಳಲ್ಲಿ ವರ್ಷ ವರ್ಷವೂ ಬರೆದಿಟ್ಟ ಪಾಳಿಯ ಲೆಕ್ಕವೇ ಸಾಕಷ್ಟು ಭಾರವಾಗಿದೆ.

ಆದರೂ ಆ ಜನರು ಬರಿಯ ಬಲಿಪಶುಗಳಾಗಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ‘ಕಾಚ್ಚ’ರೆಂಬುವರು ಶನಿವಾರ ರಾತ್ರಿ ಗಣಿಯೊಳಗೆ ಇಳಿದು, ಸೋಮವಾರ ಬೆಳಗಾಗುವುದರೊಳಗೆ ತಮಗಾಗಿಯೇ ಅದಿರನ್ನು ತೆಗೆದು, ಕೈಯಂತ್ರಗಳಲ್ಲಿ ಅರೆದು ಬೆಳ್ಳಿ ಮಾಡಿಕೊಳ್ಳುತ್ತಿದ್ದರು. ಒಡೆಯರು ಇದನ್ನು ಕಳವೆಂದರು, ಅವರು ಹಕ್ಕೆಂದರು. ಟಂಕಸಾಲೆಯ ಬಾಗಿಲಿಗೆ ಅವರ ಬೆಳ್ಳಿಯೂ ಬರುತ್ತಿತ್ತು.

ಮಿತವು ಕಡೆಗೆ ಸ್ವಾತಂತ್ರ್ಯದೊಂದಿಗೆ, ೧೮೨೫ರಲ್ಲಿ, ಅಳಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬೊಲಿವಾರನು ಈ ಬೆಟ್ಟದ ನೆತ್ತಿಯನ್ನೇರಿ ನಿಂತನು. ಅಷ್ಟರಲ್ಲಿ ಬೆಳ್ಳಿಯ ವೈಭವವು ಇಳಿದಿತ್ತು. ಯುನೆಸ್ಕೊ ಸಂಸ್ಥೆಯು ಈ ಊರನ್ನು ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ, ೨೦೧೪ರಲ್ಲಿ ಅಪಾಯಕ್ಕೊಳಗಾದ ತಾಣಗಳ ಪಟ್ಟಿಗೂ ಸೇರಿಸಿತು. ಶತಮಾನಗಳ ಸುರಂಗಗಳಿಂದ ಟೊಳ್ಳಾದ ಬೆಟ್ಟದ ನೆತ್ತಿ ಕುಸಿಯುತ್ತಿದೆ. ಗಣಿಕೆಲಸಗಾರರು ಇನ್ನೂ ಅದರೊಳಗೆ ಇಳಿಯುತ್ತಾರೆ, ಸಂಸಾರ ಸಾಗಬೇಕಲ್ಲವೆ?

ಸಂಜೆಯಾಗುತ್ತ ಬಂದಿತು, ಛಾವಣಿಯಿಂದ ಇಳಿಯೋಣ. ಪೊಟೊಸಿಗೆ ಹೋಗುವವರು ಟಂಕಸಾಲೆಯನ್ನು ನೋಡಿ ಹಿಂತಿರುಗಿದರೆ ಅರ್ಧ ಊರನ್ನು ಮಾತ್ರ ನೋಡಿದಂತೆ. ಕರಾಂಗಾಸಿನವರ ಬಾಗಿಲ ಮುಂದೆಯೂ ನಿಲ್ಲಬೇಕು, ಬೆಟ್ಟದ ಕಡೆಗೂ ಕಣ್ಣೆತ್ತಬೇಕು. ನಮ್ಮ ಕರಾವಳಿಗೆ ಬಂದ ರಿಯಾಲುಗಳಲ್ಲಿ ಅನೇಕವು ಕರಗಿ ಬೇರೆ ನಾಣ್ಯಗಳಾದುವು, ಒಡವೆಗಳಾದುವು. ಅವನ್ನು ಎಣಿಸಿ ಮೆಣಸನ್ನು ಅಳೆದುಕೊಟ್ಟವರಿಗೆ ಆ ಬೆಳ್ಳಿಯನ್ನು ಹೊತ್ತು ತಂದ ಬೆನ್ನುಗಳ ಸುದ್ದಿ ತಲುಪಿರಲಿಲ್ಲ. ನಮಗೆ ತಲುಪಿದೆ. ಬೆಳ್ಳಿಯ ಲೆಕ್ಕವನ್ನು ಓದುವಾಗ ಅವರನ್ನೂ ಸೇರಿಸಿ ಓದುವುದು ನಮ್ಮ ಪಾಲಿನ ಋಣ.